ಮಾಳದ ಮನೆಯ ಕಲ್ಲಿನ ದೋಣಿ

ನಮ್ಮ ಮಾವನವರಿಗೆ ಸಮುದ್ರದ ಹುಚ್ಚಿತ್ತು. ಸೊಲ್ಲಾಪುರದ ಬಟ್ಟೆ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತು ಜನ್ಮವಿಡೀ ಚಾದರ, ಧೋತರ ಮಾರಿದ ಮನುಷ್ಯನಿಗೆ ಈ ಹುಚ್ಚು ಹತ್ತಿದ್ದು ಹೇಗೆಂದರೆ, ಒಮ್ಮೆ ಅಂಗಡಿಯ ಕೆಲಸಕ್ಕೆಂದು ಮುಂಬಯಿಗೆ ಹೋದಾಗ ಮೂರು ದಿನ ಅವರಿಗೆ ದಮ್ಮು ಕಾಡಲಿಲ್ಲವಂತೆ. ಸಮುದ್ರದ ದಂಡೆಯಲ್ಲಿ ನಿಂತು ಎದೆ ತುಂಬ ಉಸಿರು ಎಳೆದುಕೊಂಡೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಊರಿಗೆ ಮರಳಿದ ಮರುದಿನವೇ ಗಿರಣಿಗಳ ಹೊಗೆ, ಹತ್ತಿಯ ಧೂಳು, ಮತ್ತದೇ ಕೆಮ್ಮು. ಡಾಕ್ಟರು ಹವಾ ಬದಲಿ ಮಾಡಿರಿ ಎಂದರು. ಸಮುದ್ರವನ್ನು ಸೊಲ್ಲಾಪುರಕ್ಕೆ ತರುವುದು ಆಗದ ಮಾತು. ಕೊನೆಗೆ ಮಾವನವರು ಅಕ್ಕಲಕೋಟೆಯ ಆಚೆ, ಹನ್ನೂರಿನ ಹತ್ತಿರ, ಒಂದು ಮಗ್ಗುಲಿಗೆ ಮಾಳ, ಇನ್ನೊಂದು ಮಗ್ಗುಲಿಗೆ ಕೆರೆ ಇದ್ದ ಒಂದು ತುಂಡು ನೆಲ ಹಿಡಿದು ಅಲ್ಲಿ ಎರಡು ಕೋಣೆಯ ಕಲ್ಲಿನ ಮನೆ ಕಟ್ಟಿಸಿದರು. ಕೆರೆಗೆ 'ನಮ್ಮ ಸಮುದ್ರ' ಎಂದೇ ಹೆಸರಿಟ್ಟರು. ಮಳೆ ಚೆನ್ನಾಗಿ ಬಿದ್ದ ವರ್ಷ ಅದರಲ್ಲಿ ಸಣ್ಣಗೆ ತೆರೆಯೂ ಏಳುತ್ತಿತ್ತು, ಸುಳ್ಳು ಹೇಳಬಾರದು.

ಮಾಳ ಎಂದರೆ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಬಯಲು. ಎರಡು ಬೆರಳು ಮಣ್ಣು, ಅದರ ಕೆಳಗೆ ಕಲ್ಲು. ದೀಪಾವಳಿಯ ಹೊತ್ತಿಗೆ ಹುಲ್ಲು ಮೊಣಕಾಲುದ್ದ ಬೆಳೆದು ಒಣಗತೊಡಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಬಯಲೆಲ್ಲ ಗೋದಿ ಬಣ್ಣ. ಗಾಳಿಗೆ ತಡೆ ಇಲ್ಲ, ಮರದ ಹೆಸರಿಲ್ಲ. ಮೊದಲ ಸಲ ನೋಡಿದಾಗ ನನಗೆ ಇಲ್ಲಿ ಬಂದು ಕೂರುವವರಿಗೆ ತಲೆ ಸರಿ ಇಲ್ಲ ಅನ್ನಿಸಿತ್ತು. ಎರಡನೆಯ ದಿನಕ್ಕೆ ಮರಳಿ ಪೇಟೆಗೆ ಹೋಗುವುದೇ ಬೇಡ ಅನ್ನಿಸಿತು.

ಆ ನೆಲ ಮೊದಲು ಒಬ್ಬ ಕುರುಬನದಾಗಿತ್ತು. ಬೀರೋಬಾ, ಮೈಲಾರಲಿಂಗ ಇಬ್ಬರಿಗೂ ನಡೆದುಕೊಳ್ಳುವ ಮನುಷ್ಯ. ನೆಲ ಕೊಟ್ಟ ಮೇಲೂ ಆತನೂ ಆತನ ಹೆಂಡತಿಯೂ ಕೆರೆಯ ದಂಡೆಯ ಗುಡಿಸಲಲ್ಲೇ ಇದ್ದು ನಮ್ಮ ಮನೆಯ ಕೀಲಿ ನೋಡಿಕೊಳ್ಳುತ್ತಿದ್ದರು. ನೆಲ ಕೊಡುವಾಗ ಆತ ಒಂದೇ ಒಂದು ಕರಾರು ಹಾಕಿದ್ದನಂತೆ: ಮನೆ ಹೇಗಾದರೂ ಕಟ್ಟಿಕೊಳ್ಳಿರಿ, ನಾಯಿಯನ್ನು ಮಾತ್ರ ಕಟ್ಟೆಯಿಂದ ಓಡಿಸಬಾರದು. ಮೈಲಾರಲಿಂಗನ ಸಂಗಡ ನಾಯಿ ಇರುತ್ತದೆ. ಆತನ ಒಕ್ಕಲು ನಾಯಿಗೆ ಎಡೆ ಹಾಕದೆ ಉಣ್ಣುವುದಿಲ್ಲ. ಮಾವನವರು ಈ ಮಾತನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಪಡಸಾಲೆಯ ಮುಂದಿನ ಕಟ್ಟೆಯಲ್ಲಿ ಅಂಗೈ ಆಳದ ಒಂದು ಕಲ್ಲಿನ ದೋಣಿಯನ್ನೇ, ದನಕ್ಕೆ ನೀರಿಡುವ ಬಾನಿಯಂಥದ್ದನ್ನು, ಕೆತ್ತಿಸಿ ಕೂರಿಸಿದರು. ಮಾಳದ ಮನೆಯಲ್ಲಿ ಒಲೆಯಿಂದ ಇಳಿದ ಮೊದಲ ರೊಟ್ಟಿ ಆ ದೋಣಿಗೆ. ಆಮೇಲೆ ನಮ್ಮ ತಾಟಿಗೆ.

ಪೇಟೆಯ ಮನೆಯಲ್ಲಿ ಇದೆಲ್ಲ ಕನಸಿನ ಮಾತಾಗಿತ್ತು. ಅಲ್ಲಿ ನಮ್ಮ ಅತ್ತೆಯವರ ರಾಜ್ಯ. ಮಾಳಕ್ಕೆ ಅವರು ಒಂದು ದಿನವೂ ಬಂದವರಲ್ಲ. ದೇವರ ಮುಂದಿನ ದೀಪ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಕೂತಿದ್ದರು. ನಾನು ಮದುವೆಯಾಗಿ ಅಕ್ಕಿಯ ಸೇರು ಒದ್ದು ಒಳಗೆ ಬಂದ ದಿನ ಬಾಗಿಲ ಹತ್ತಿರ ಒಂದು ಬೀದಿ ನಾಯಿ ಸುಳಿದಾಡಿತ್ತು. ಅತ್ತೆ ಆರತಿಯ ತಾಟು ಪಕ್ಕದವರ ಕೈಗೆ ಕೊಟ್ಟು, ಲಟ್ಟಣಿಗೆ ಹಿಡಿದು ಅದನ್ನು ಓಣಿಯ ತುದಿಯ ತನಕ ಓಡಿಸಿ ಬಂದು, ಏನೂ ಆಗದವರ ಹಾಗೆ ಮತ್ತೆ ಆರತಿ ಬೆಳಗಿದರು. ಹೊಸ ಸೀರೆಯ ಸೆರಗಿನ ಮರೆಯಿಂದ ಅದನ್ನು ನೋಡಿದ ನಾನು ಈಕೆ ಎಂಥವರು ಎಂದು ಅಂದೇ ತೀರ್ಮಾನ ಮಾಡಿಬಿಟ್ಟೆ.

ನನಗೂ ಮೂಗಿನ ತುದಿಯಲ್ಲೇ ಕೋಪ. ಮದುವೆಯಾದ ಮೊದಲ ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋಗಿ ಬರಲೇ ಎಂದು ಕೇಳಿದ್ದೆ. ಅತ್ತೆ ಮೊರದಲ್ಲಿದ್ದ ಜೋಳದಿಂದ ತಲೆ ಎತ್ತದೆ, ಈ ವರ್ಷ ಬೇಡ ಎಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಡುಗೆ ಮನೆಯ ಕತ್ತಲೆಯಲ್ಲಿ ನಿಂತು, ಇನ್ನು ಮೇಲೆ ಈಕೆಯ ಹತ್ತಿರ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ ಎಂದು ಆಣೆ ಹಾಕಿಕೊಂಡೆ. ಎರಡು ವರ್ಷ ಅದನ್ನು ಪಾಲಿಸಿದೆ. ಹರಿದ ಸೀರೆ ಉಟ್ಟೆ, ಜ್ವರ ಬಂದರೆ ಸುಮ್ಮನೆ ಮಲಗಿದೆ, ಉಪ್ಪು ಬೇಕಾದರೂ ನಾನೇ ಎದ್ದು ಹೋಗಿ ತಂದುಕೊಂಡೆ. ಕೇಳದೆ ಬದುಕುವುದೇ ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಸತ್ಯ ಹೇಳಬೇಕೆಂದರೆ ಆ ಹಟ ನನಗೆ ಸುಖ ಕೊಡುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಸಂಕ್ರಾಂತಿಯಾದ ಮೂರನೆಯ ದಿನ, ಮಾವನವರಿಗೆ ದಮ್ಮು ಹೆಚ್ಚಾಯಿತೆಂದು ಅವರನ್ನು ಮಾಳಕ್ಕೆ ಕಳಿಸುವುದಾಯಿತು. ಅಡುಗೆ ಮಾಡಿ ಹಾಕಲು ನಾನು. ನನ್ನ ಗಂಡ ಅಂಗಡಿಗೆ ರಜೆ ಇದ್ದ ದಿನ ಮಾತ್ರ ಬಂದು ಹೋಗುವುದೆಂದು ಮಾತಾಯಿತು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಕೆಂಪು ಬಸ್ಸು, ಅಲ್ಲಿ ಒಂದು ಚಹಾ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಚ್ಚಾ ದಾರಿ ಒಡೆಯುವ ಫಾಟಾದಲ್ಲಿ ಇಳಿದರೆ ಕುರುಬ ಎತ್ತಿನ ಗಾಡಿ ಹೂಡಿಕೊಂಡು ನಿಂತಿದ್ದ. ದಾರಿಯ ಎರಡೂ ಕಡೆ ಹಾಲುಗಾಳಿನ ಜೋಳ. ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಮಾವನವರು ಗಾಡಿಯಲ್ಲೇ ಒಂದು ತೆನೆ ಮುರಿದು ಕೈಯಲ್ಲಿ ತಿಕ್ಕಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡರು. ಪೇಟೆಯಲ್ಲಿ ಅವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಗಾಡಿಯ ಹಿಂದೆ ನಾಯಿ ನಡೆದು ಬರುತ್ತಿತ್ತು. ಕರಿಯ ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿಯ ತುದಿ ಹರಿದಿತ್ತು. ಕೊರಳಲ್ಲಿ ಕಬ್ಬಿಣದ ಮುಳ್ಳಿನ ಪಟ್ಟಿ. ತೋಳ ಕೊರಳಿಗೇ ಬಾಯಿ ಹಾಕುತ್ತದೆ, ಅದಕ್ಕೇ ಈ ಪಟ್ಟಿ ಎಂದು ಮಾವನವರು ಹೇಳಿದರು. ಅದು ನನ್ನ ಕಡೆ ನೋಡಲೂ ಇಲ್ಲ. ಗಾಡಿ ನಿಂತೊಡನೆ ಕುರಿ ಇದ್ದ ದಿಕ್ಕಿಗೆ ಹೊರಟುಹೋಯಿತು.

ಮರುದಿನ ಮೊದಲ ರೊಟ್ಟಿ ಮುರಿದು ದೋಣಿಗೆ ಹಾಕಿದೆ. ನಾಯಿ ಬಂತು, ನಿಂತೇ ತಿಂದಿತು, ಹೋಯಿತು. ಮೂರನೆಯ ದಿನ ನಾನು ರೊಟ್ಟಿಯನ್ನು ಕೈಯಲ್ಲಿ ಹಿಡಿದು ನೀಡಹೋದೆ. ಸೆಗಣಿ ಸಾರಿಸುತ್ತಿದ್ದ ಕುರುಬನ ಹೆಂಡತಿ, ನಾನು ಕಾಕು ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು, ಕೈ ತಡೆದು ಹೇಳಿದಳು:

"ದೋಣ್ಯಾಗ ಹಾಕ್ರಿ ಅಕ್ಕಾರ, ಕೈಲೆ ಕೊಡಬ್ಯಾಡ್ರಿ. ಕೈಯಿನ ರುಚಿ ಹತ್ತಿತಂದ್ರ ಅದಕ್ಕ ಕುರಿ ಕಾಣಂಗಿಲ್ಲ, ಮನಶ್ಯಾರೇ ಕಾಣ್ತಾರ."

ಹಿಂಡಿನ ನಾಯಿಗೆ ಅವರು ಕೊಡುವುದು ಅಂಬಲಿ ಮತ್ತು ಒಣ ರೊಟ್ಟಿ. ಅದೂ ಅರೆಹೊಟ್ಟೆ. ಮೈದಡವುವುದಿಲ್ಲ, ಹೆಸರಿಟ್ಟು ಮುದ್ದು ಮಾಡುವುದಿಲ್ಲ, ಕಟ್ಟೆ ದಾಟಿ ಒಳಗೆ ಕರೆಯುವುದಿಲ್ಲ. ಅದಕ್ಕೆ ಹಿಂಡೇ ಮನೆ, ಹಿಂಡೇ ಮಂದಿ. ಕಾಕು ಇದನ್ನೆಲ್ಲ ತಾಳ್ಮೆಯಿಂದ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಒಂದು ತುತ್ತು ಮೆತ್ತನೆಯ ರೊಟ್ಟಿ ಕೊಡುವುದಕ್ಕೆ ಇಷ್ಟೊಂದು ಶಾಸ್ತ್ರವೇ ಎಂದುಕೊಂಡೆ. ಮಾವನವರು ಹಿಂಡಿನವರ ಕಟ್ಟಳೆಗಳ ಬಗ್ಗೆ ಎಷ್ಟು ಗೌರವ ಇಟ್ಟುಕೊಂಡಿದ್ದರೋ ನಾನು ಅಷ್ಟೇ ಸಸಾರ ಮಾಡಿದೆ. ಪೇಟೆಯವಳೆಂಬ ಬಿಗುವು ನನಗೆ ಹೊಸದಾಗಿ ಬಂದಿತ್ತು. ನನ್ನ ತವರೂ ಹಳ್ಳಿಯೇ.

ಕಾಕು ಕೆರೆಗೆ ಹೋದ ಹೊತ್ತು ನೋಡಿ ಕೈಯಲ್ಲಿ ಕೊಟ್ಟೆ. ನಾಯಿ ಹಿಂದೆ ಸರಿಯಿತು. ದೋಣಿಯ ಕಡೆ ನೋಡಿತು, ನನ್ನ ಕಡೆ ನೋಡಿತು. ನಾನು ಕದಲದೆ ಕೂತೆ. ಕೊನೆಗೆ ಕೊರಳು ಚಾಚಿ ಹಲ್ಲು ತಾಗದ ಹಾಗೆ ತುಂಡನ್ನು ಎತ್ತಿಕೊಂಡಿತು. ನಾಲ್ಕನೆಯ ದಿನಕ್ಕೆ ಅಂಗೈ ನೆಕ್ಕಿತು. ಆ ನಾಲಿಗೆಯ ತರಿ ನನಗೆ ಈಗಲೂ ನೆನಪಿದೆ. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಬಂದವರೆಲ್ಲ ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟು ಮಾತಾಡುತ್ತಿದ್ದರು. ಆ ಮನೆತನದಲ್ಲಿ ನಾನು ಬಂದರೆ ಎದ್ದು ಬರುವ ಜೀವ ಇನ್ನೊಂದಿರಲಿಲ್ಲ. ನಾನು ಅದನ್ನು ನನ್ನದು ಮಾಡಿಕೊಳ್ಳಬೇಕೆಂದು ಬಯಸಿದೆ. ಬರಿಯ ದಯೆಯಿಂದ ಮಾಡಿದೆ ಎಂದು ಈಗ ಹೇಳಿಕೊಂಡರೆ ಅದು ಸುಳ್ಳಾಗುತ್ತದೆ.

ಅದಕ್ಕೊಂದು ಹೆಸರನ್ನೂ ಇಟ್ಟೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಕರೆಯುವ ಹಕ್ಕನ್ನು ನಾನೇ ಕಳೆದುಕೊಂಡೆ.

ಬೆಳಿಗ್ಗೆ ಮಾವನವರು ಕಂಬಳಿ ಹೊದ್ದು ಕೆರೆಯ ಏರಿಯ ಮೇಲೆ ನಡೆಯಲು ಹೋಗುವರು. ಹಿಂದೆ ನಾನು, ನನ್ನ ಹಿಂದೆ ನಾಯಿ. ಮೊದಲು ಹಿಂಡಿನ ಸಂಗಡ ಹೋಗುತ್ತಿದ್ದದ್ದು ಈಗ ಏರಿಯ ತನಕ ನಮ್ಮೊಡನೆ ಬಂದು ಆಮೇಲೆ ಹಿಂಡಿಗೆ ಓಡುತ್ತಿತ್ತು. ಕೆರೆಯ ಮೇಲೆ ಬಿಳಿ ಕೊಕ್ಕರೆಗಳು, ಮಾಳದ ಮೇಲೆ ಚಿಗರಿಗಳ ಹಿಂಡು. ಒಂದು ದಿನ ಮಾವನವರು ನಿಂತು ಕೈ ತೋರಿಸಿದರು. ಹುಲ್ಲಿನ ನಡುವೆ ಹುಲ್ಲಿನದೇ ಬಣ್ಣದ ಒಂದು ತೋಳ ನಮ್ಮನ್ನು ನೋಡುತ್ತ ನಿಂತಿತ್ತು. ನಾಯಿಯ ಬೆನ್ನ ಕೂದಲು ನೆಟ್ಟಗಾಯಿತು. ನಾನು ತಲೆ ಸವರಿದೆ. ಅದು ಸುಮ್ಮನಾಯಿತು. ಮಾವನವರು ನನ್ನ ಕೈಯನ್ನು ನೋಡಿದರು, ಏನೋ ಹೇಳಲು ಹೋದರು, ಕೆಮ್ಮು ಬಂತು.

ಹದಿನೈದು ದಿನದಲ್ಲಿ ನಾಯಿ ನನ್ನ ಅಡುಗೆ ಕೋಣೆಯ ಬಾಗಿಲಲ್ಲಿ ಮಲಗತೊಡಗಿತು. ದೋಣಿಯಲ್ಲಿ ಹಾಕಿದ್ದನ್ನು ಮೂಸಿ ಬಿಟ್ಟು ನನ್ನ ಕೈಯನ್ನೇ ಕಾಯುತ್ತಿತ್ತು. ಕುರುಬ ಸಿಳ್ಳು ಹಾಕಿದರೆ ಏಳುತ್ತಿತ್ತು, ಆದರೆ ತಡವಾಗಿ, ಹಿಂದೆ ತಿರುಗಿ ನೋಡುತ್ತ. ಕಾಕು ಒಮ್ಮೆ ನನ್ನೆದುರು ನಿಂತಳು. ಅವಳಿಗೆ ಎಲ್ಲ ತಿಳಿದಿತ್ತು. ಸಾಹುಕಾರರ ಸೊಸೆಗೆ ಒಂದೇ ಮಾತನ್ನು ಎರಡು ಸಲ ಹೇಳುವುದು ಹೇಗೆ ಎಂದೋ ಏನೋ, ಹಾಲಿನ ಚರಿಗೆ ಇಟ್ಟು ಹೊರಟುಹೋದಳು.

ಅದು ನಡೆದದ್ದು ಒಂದು ಮಧ್ಯಾಹ್ನ. ಕುರುಬ ಅಕ್ಕಲಕೋಟೆಯ ಸಂತೆಗೆ ಹೋಗಿದ್ದ. ಕಾಕು ಒಬ್ಬಳೇ ಕುರಿಗಳನ್ನು ಮಾಳದ ಇಳಿಜಾರಿನ ಆಚೆ ಮೇಯಿಸುತ್ತಿದ್ದಳು. ಮಾವನವರು ಒಳಗೆ ಮಲಗಿದ್ದರು. ನಾನು ಕಟ್ಟೆಯ ಮೇಲೆ ಕೂತು ಹಿಂದಿನ ದಿನ ಮಾಡಿದ್ದ ಶೇಂಗಾ ಹೋಳಿಗೆಯನ್ನು ಚೂರು ಚೂರು ಮುರಿದು ನಾಯಿಗೆ ಕೊಡುತ್ತಿದ್ದೆ. ಅದು ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡಿತ್ತು.

ಇಳಿಜಾರಿನ ಆಚೆಯಿಂದ ಕಾಕುವಿನ ಕೂಗು ಕೇಳಿತು. ತೋಳ ಬಂದಾಗ ಅವರು ಬಾಯಿಗೆ ಕೈ ಬಡಿದು ಹಾಕುವ ಕೂಗು ಅದು. ನಾಯಿ ತಟ್ಟನೆ ಎದ್ದು ನಿಂತಿತು. ಆ ಕಡೆ ನೋಡಿತು. ಆಮೇಲೆ ನನ್ನ ಕೈಯ ಕಡೆ ನೋಡಿತು. ನನ್ನ ಬೆರಳ ನಡುವೆ ಹೋಳಿಗೆಯ ಇನ್ನೊಂದು ಚೂರಿತ್ತು. ನಾನು ಅದನ್ನು ಎಸೆದು ಹೋಗು ಎಂದು ಅಟ್ಟಬೇಕಿತ್ತು. ಏನಾಗುತ್ತಿದೆ ಎಂದು ತಿಳಿಯದೆ ಕೈ ಹಾಗೇ ಹಿಡಿದುಕೊಂಡು ಕೂತಿದ್ದೆ. ಅದು ನನ್ನ ಕೈಯಿಂದ ಆ ಚೂರನ್ನು ತೆಗೆದುಕೊಂಡು, ನುಂಗಿ, ಆಮೇಲೆ ಓಡಿತು.

ಹೋಳಿಗೆಯ ಒಂದು ಚೂರು ನುಂಗುವಷ್ಟು ಹೊತ್ತು. ಅಷ್ಟರಲ್ಲಿ ಎರಡು ಮರಿ ಹೋಗಿದ್ದವು. ತಾಯಿ ಕುರಿಯೊಂದರ ತೊಡೆ ಹರಿದಿತ್ತು. ನಾನು ಓಡುತ್ತ ಇಳಿಜಾರು ಹತ್ತಿ ನೋಡಿದಾಗ ಕಾಕು ಗಾಯದ ಮೇಲೆ ತನ್ನ ಸೆರಗು ಒತ್ತಿ ಹಿಡಿದು ಕೂತಿದ್ದಳು. ನಾಯಿ ಹುಲ್ಲಿನಲ್ಲಿ ಅತ್ತ ಇತ್ತ ಮೂಸಿ ಓಡಾಡಿ, ಹಿಂಡಿನ ಹತ್ತಿರ ಬರಲು ಹೆದರಿ ದೂರದಲ್ಲಿ ಮಲಗಿತು. ಕಾಕು ಅದನ್ನು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕುರುಬ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ನಾಯಿಯನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದ. ಮಾವನವರು ಮರಿಗಳ ಬದಲಿಗೆ ಏನು ಬೇಕಾದರೂ ಕೊಡುತ್ತೇನೆಂದರು. ಆತ ಒಲ್ಲೆ ಎಂದ. ತೋಳ ತನ್ನ ಪಾಲು ಒಯ್ದಿತು, ಅದಕ್ಕೆ ನೀವೇನು ಕೊಡುತ್ತೀರಿ ಎಂದ. ಆಮೇಲೆ ನಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೊರಳ ಮುಳ್ಳಿನ ಪಟ್ಟಿ ಬಿಚ್ಚಿದ. ಪಟ್ಟಿ ಇದ್ದಲ್ಲಿ ಕೂದಲು ಸವೆದು ಬೋಳಾಗಿತ್ತು. ಸೊಂಟದ ಚೀಲದಿಂದ ಅರಿಸಿನದ ಭಂಡಾರ ತೆಗೆದು ನಾಯಿಯ ಹಣೆಗೆ ಹಚ್ಚಿದ. ನನ್ನನ್ನು ಕರೆದು ಬಲಗೈ ಚಾಚಲು ಹೇಳಿ ಅಂಗೈಯಲ್ಲೂ ಒಂದು ಚಿಟಿಕೆ ಹಾಕಿದ.

"ಇನ್ನ ಇದು ನಿಮ್ದು ಅಕ್ಕಾರ. ಮೈಲಾರಲಿಂಗನ ಹೆಸರಲೆ ಕೊಟ್ಟೀನಿ. ತಿರುಗಿ ನಾ ಕರೆಯಾಂಗಿಲ್ಲ, ನನ್ನ ಮನ್ಯಾಕೀನೂ ಕರೆಯಾಂಗಿಲ್ಲ."

ಕೋಪದಿಂದ ಆಡಿದ ಮಾತಲ್ಲ ಅದು. ಹಿಂಡು ಮರೆತ ನಾಯಿಯನ್ನು ಅವರು ಹೊಡೆಯುವುದಿಲ್ಲ, ಕೊಲ್ಲುವುದಿಲ್ಲ, ಓಡಿಸುವುದಿಲ್ಲ. ಅದು ಯಾರ ಕೈ ಹಿಡಿದಿದೆಯೋ ಅವರಿಗೆ ದೇವರ ಹೆಸರಿನಲ್ಲಿ ಒಪ್ಪಿಸುತ್ತಾರೆ. ಒಪ್ಪಿಸಿದ ಮೇಲೆ ಅದರ ಅನ್ನ, ಅದರ ನೆರಳು ಒಪ್ಪಿಸಿಕೊಂಡವರ ಹೊಣೆ. ಮಾವನವರು ಇದನ್ನು ನನಗೆ ಬಿಡಿಸಿ ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ. ನಾಯಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಪಟ್ಟಿಯಿಲ್ಲದ ಕೊರಳು ಹಗುರವಾಯಿತೆಂದೋ ಏನೋ ನನ್ನ ಸೀರೆಯ ನಿರಿಗೆಗೆ ಅದನ್ನು ಉಜ್ಜುತ್ತಿತ್ತು.

ನಾಲ್ಕು ದಿನದ ನಂತರ ನಾವು ಊರಿಗೆ ಹೊರಡುವುದಿತ್ತು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಆದರೆ ಅಂಗಡಿಯ ಮಾಲು ಹೊರುವ ಗಾಡಿ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಬರುತ್ತಿತ್ತು. ಅದನ್ನು ಹನ್ನೂರಿನ ತನಕ ಕಳಿಸುವುದು ದೊಡ್ಡ ಮಾತಾಗಿರಲಿಲ್ಲ. ಮಾವನವರು ಹೇಳಿದ್ದು ಇಷ್ಟೇ:

"ಪ್ಯಾಟಿ ಮನಿ ನಿಮ್ಮ ಅತ್ತೀದು. ಆಕೀನ್ನ ಒಂದ ಮಾತ ಕೇಳು. ಹೂಂ ಅಂದ್ಲಂದ್ರ ಗಾಡಿ ನಾ ಕಳಸ್ತೀನಿ."

ರಜೆಯ ದಿನ ಬಂದ ನನ್ನ ಗಂಡನಿಗೂ ಹೇಳಿ ನೋಡಿದೆ. ಅವರು ಮೆತ್ತನೆಯ ಮನುಷ್ಯ. ಅವ್ವನನ್ನು ನೀನೇ ಕೇಳು ಎಂದರು. ಎಲ್ಲರೂ ಆ ಒಂದೇ ಬಾಗಿಲನ್ನು ತೋರಿಸುತ್ತಿದ್ದರು. ನಾನು ಎರಡು ವರ್ಷದಿಂದ ತಟ್ಟುವುದಿಲ್ಲವೆಂದು ಹಟ ಹಿಡಿದದ್ದೂ ಅದೇ ಬಾಗಿಲು.

ಕಾಕುಗೆ ಎಂಟು ದಿನ ಎಂದು ಹೇಳಿದೆ. ಎಂಟು ದಿನದಲ್ಲಿ ಗಾಡಿ ಕಳಿಸುತ್ತೇನೆ, ಅಲ್ಲಿಯ ತನಕ ಅದರ ಮೇಲೆ ಕಣ್ಣಿಟ್ಟಿರು ಎಂದೆ. ಅವರು ಜೋಳದ ಸುಗ್ಗಿ ಮುಗಿದೊಡನೆ ಹಿಂಡು ಹೊಡೆದುಕೊಂಡು ಕಾಲುವೆಯ ನೀರಿರುವ ದೂರದ ಸೀಮೆಗೆ ಹೋಗುವವರು, ಮಳೆಗಾಲಕ್ಕೇ ಮರಳುವವರು. ಕಾಕು ನನ್ನ ಮಾತನ್ನು ನಂಬಿ, ಆಗಲಿ, ನಿಮ್ಮ ಗಾಡಿ ಬರುವ ತನಕ ನಿಲ್ಲುತ್ತೇವೆ ಎಂದಳು. ನಮ್ಮ ಎತ್ತಿನ ಗಾಡಿ ಹೊರಟಾಗ ನಾಯಿ ಹಿಂದೆಯೇ ಬಂತು. ಫಾಟಾದಲ್ಲಿ ಬಸ್ಸು ಬಂದು ನಾವು ಹತ್ತುವಾಗ ಅದೂ ಹತ್ತಲು ನೋಡಿತು. ಕಂಡಕ್ಟರು ಗದರಿದ. ನಾನು ಕಿಟಕಿಯಿಂದ ಕೈ ಇಳಿಬಿಟ್ಟೆ. ಅದು ಅಂಗೈ ಮೂಸಿತು. ಬಸ್ಸು ಬಿಟ್ಟಿತು.

ಪೇಟೆಗೆ ಬಂದ ಮೊದಲ ದಿನ ದಣಿವು. ಎರಡನೆಯ ದಿನ ಅತ್ತೆಯವರ ಉಪವಾಸ, ಉಪವಾಸದ ದಿನ ಅವರ ಸಿಟ್ಟು ಹೆಚ್ಚು ಎಂದುಕೊಂಡೆ. ಆಮೇಲೆ ಯಾರೋ ನೆಂಟರು. ಮನಸ್ಸಿಗೆ ನೆವ ಬೇಕಾದಾಗ ಅದು ಕಲ್ಲಿನಿಂದಲೂ ನೆವ ಹಿಂಡುತ್ತದೆ. ಐದನೆಯ ದಿನ ಬೆಳಿಗ್ಗೆ ಅತ್ತೆ ತಾವಾಗಿಯೇ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಮಾಳದಲ್ಲಿ ಎಲ್ಲ ಹೇಗಿದೆ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಹೇಳಿಯೇ ಬಿಡಬೇಕೆಂದುಕೊಂಡೆ. ಆ ಗಳಿಗೆಯಲ್ಲಿ ಪಂಚಮಿಗೆಂದು ಕೇಳಿದ ದಿನದ ಆ ಮೊರ, ಆ ಎತ್ತದ ತಲೆ ಕಣ್ಣ ಮುಂದೆ ಬಂತು. ಇವರು ಮತ್ತೊಮ್ಮೆ ತಲೆ ಎತ್ತದೆ ಬೇಡ ಎಂದರೆ ಸಹಿಸಲಾರೆ ಅನ್ನಿಸಿತು.

ಎಲ್ಲ ಚೆನ್ನಾಗಿದೆ, ಏನೂ ಇಲ್ಲ ಎಂದೆ.

ಈ ಸಲ ಅವರು ತಲೆ ಎತ್ತಿದ್ದರು. ನನ್ನನ್ನು ನೋಡಿ, ಹೆಂಚಿನ ಮೇಲಿನ ರೊಟ್ಟಿ ತಿರುವಿದರು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಹಿತ್ತಿಲ ಬಾಗಿಲ ಮಗ್ಗುಲಲ್ಲಿ ಯಾರೋ ಹೊಸದಾಗಿ ಗೋಣಿತಟ್ಟೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಒದ್ದೆ ಕಾಲನ್ನು ಅದಕ್ಕೆ ಒರೆಸಿ ಒಳಗೆ ಬಂದೆ.

ಎಂಟು ದಿನ ಕಳೆಯಿತು. ಹದಿನೈದು ಕಳೆಯಿತು. ಅದು ಹುಟ್ಟಿ ಬೆಳೆದ ಜಾಗದಲ್ಲೇ ಇದೆ, ಅವರು ಬಿಟ್ಟಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಕೊಟ್ಟ ನಾಯಿಯನ್ನು ಅವರು ತಿರುಗಿ ಕರೆಯುವ ಹಾಗೆಯೇ ಇಲ್ಲ ಎನ್ನುವುದನ್ನು ಬೇಕೆಂದೇ ಮರೆತೆ. ಶಿವರಾತ್ರಿ ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, ಹನ್ನೂರಿನ ಗಿರಾಕಿಯೊಬ್ಬ ಅಂಗಡಿಗೆ ಬಂದಿದ್ದನೆಂದೂ, ಕುರುಬರು ನಮ್ಮ ಗಾಡಿಗಾಗಿ ಕಾದು ಕಾದು, ಮೇವು ತೀರಿದ್ದರಿಂದ ಕೊನೆಗೆ ಹಿಂಡು ಹೊಡೆದುಕೊಂಡು ಹೋದರೆಂದೂ ಹೇಳಿದರು. ಮಾವನವರು ಉಣ್ಣುವುದನ್ನು ನಿಲ್ಲಿಸಿದರು. ಅತ್ತೆ ಸಾರು ಬಡಿಸುತ್ತಿದ್ದರು. ಆಗಲೂ ಹೊತ್ತು ಮೀರಿರಲಿಲ್ಲ. ಮರುದಿನ ಗಾಡಿ ಕಳಿಸಿದ್ದರೆ ಸಂಜೆಗೆ ನಾಯಿ ಮನೆಯಲ್ಲಿರುತ್ತಿತ್ತು. ಆದರೆ ಈಗ ಕೇಳಿದರೆ, ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ನಾನು ತಾಟಿನಲ್ಲಿದ್ದುದನ್ನು ಉಂಡು ಎದ್ದೆ.

ಬೇಸಿಗೆಯೆಲ್ಲ ಪೇಟೆಯ ಮಾಡಿನ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತ, ಮಾಳದಲ್ಲಿ ಈಗ ಹೇಗಿದ್ದೀತು ಎಂದು ಯೋಚಿಸದಿರಲು ಹೆಣಗಾಡಿದೆ. ಮಾಳದ ಮನೆಗೆ ಮತ್ತೆ ಹೋದದ್ದು ದೀಪಾವಳಿಯ ರಜೆಗೆ. ಫಾಟಾದಲ್ಲಿ ಇಳಿದಾಗ ಯಾವ ನಾಯಿಯೂ ಬರಲಿಲ್ಲ. ಕೀಲಿ ತೆಗೆಯುವಾಗ ನೋಡಿದರೆ ಬಾಗಿಲಿನ ಕೆಳಗಿನ ಹಲಗೆಯ ಮೇಲೆ ಉದ್ದುದ್ದ ಗೀರುಗಳಿದ್ದವು. ದೋಣಿಯಲ್ಲಿ ಒಣ ಎಲೆ, ಇರುವೆಯ ಮಣ್ಣು. ಕಟ್ಟೆಯ ಮೂಲೆಯ ಮಣ್ಣಿನಲ್ಲಿ ಒಂದು ಮೈ ಸುತ್ತಿ ಮಲಗುವಷ್ಟು ತಗ್ಗು ಬಿದ್ದಿತ್ತು. ಒಂದು ಮಳೆಗಾಲದ ನೀರು ಬಿದ್ದರೂ ಅದು ಪೂರ್ತಿ ಮುಚ್ಚಿರಲಿಲ್ಲ.

ಕಾಕು ಹಾಲು ತಂದಾಗ ನಾನೇ ಕೇಳಿದೆ. ಅವಳು ಸುತ್ತಿ ಬಳಸಿ ಹೇಳಲಿಲ್ಲ. ಹಿಂಡು ಹೊರಟ ದಿನ ದೋಣಿ ತುಂಬ ಅಂಬಲಿ ಹೊಯ್ದು, ಪಕ್ಕದಲ್ಲಿ ಹತ್ತು ರೊಟ್ಟಿ ಇಟ್ಟು ಹೋದಳಂತೆ. ನಾಯಿ ಹಳ್ಳದ ತನಕ ಹಿಂಡಿನ ಹಿಂದೆ ನಡೆದು ಬಂತು. ಹಳ್ಳದ ಈಚೆ ದಂಡೆಯಲ್ಲಿ ನಿಂತಿತು. ಒಂದು ಸಿಳ್ಳು ಹಾಕಿದ್ದರೆ ಬರುತ್ತಿತ್ತು. ಕೊಟ್ಟದ್ದನ್ನು ಕರೆಯುವ ಹಾಗಿಲ್ಲವಾದ್ದರಿಂದ ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡದೆ ನಡೆದರು. ಆಮೇಲಿನದು ಅವಳಿಗೆ ಗೊತ್ತಾದದ್ದು ಮಳೆಗಾಲಕ್ಕೆ ಮರಳಿದಾಗ, ಹನ್ನೂರಿನವರು ಹೇಳಿ.

"ಬಸ್ ಬಂದಾಗೊಮ್ಮಿ ಫಾಟಾಕ್ಕ ಓಡತಿತ್ತಂತ್ರಿ. ಇಳದವ್ರ ಕೈ ಒಬ್ಬೊಬ್ರುದು ಮೂಸಿ ನೋಡಿ, ಮತ್ತ ಕಟ್ಟಿಗೆ ಬಂದ ಮಲಗತಿತ್ತಂತ. ಮಂದಿ ಹಾಕಿದ್ದು ತಿನ್ನಲಿಲ್ಲಂತ. ಆಮ್ಯಾಲ ಒಂದಿನ ಕಾಣಲಿಲ್ಲಂತ ನೋಡ್ರಿ."

ಎಲ್ಲಿ ಹೋಯಿತು, ಏನಾಯಿತು ಎಂದು ಯಾರೂ ನೋಡಿದವರಿಲ್ಲ. ಕಾಕು ಹೊರಟು ನಿಂತಾಗ ಅವಳ ಹಿಂದೆ ಒಂದು ಕಂದು ಬಣ್ಣದ ಎಳೆಯ ನಾಯಿ ಇತ್ತು. ಅದರ ಕೊರಳಲ್ಲಿ ಅದೇ ಮುಳ್ಳಿನ ಪಟ್ಟಿ. ನಾನು ದೋಣಿಯ ಕಸ ಬಳಿದು, ತೊಳೆದು, ಮೊದಲ ರೊಟ್ಟಿ ಮುರಿದು ಹಾಕಿ ದೂರ ಸರಿದು ನಿಂತೆ. ಅದು ನಿಂತೇ ತಿಂದು, ನನ್ನ ಕಡೆ ನೋಡದೆ ಹಿಂಡಿಗೆ ಹೋಯಿತು. ಮಾವನವರು ಒಳಗಿನಿಂದ ಅದನ್ನು ನೋಡುತ್ತಿದ್ದರು. ಅವರು ನನಗೆ ಆ ದಿನವೂ ಮುಂದೆಯೂ ಒಂದು ಕಟು ಮಾತು ಆಡಲಿಲ್ಲ.

ಅತ್ತೆಯವರು ಆ ಮಾತು ತೆಗೆದದ್ದು ಮೂರು ವರ್ಷಗಳ ನಂತರ. ಅಷ್ಟರಲ್ಲಿ ನನಗೆ ಮಗಳು ಹುಟ್ಟಿ, ತೊಟ್ಟಿಲಿನ ನೆಪದಲ್ಲಿ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಸಡಿಲವಾಗಿತ್ತು. ಒಂದು ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಮಗಳು ತೆವಳಿಕೊಂಡು ಹೊಸ್ತಿಲಿಗೆ ಹೋಗಿ, ಓಣಿಯಲ್ಲಿ ಮಲಗಿದ್ದ ನಾಯಿಮರಿಯನ್ನು ಕೈ ಮಾಡಿ ಕರೆದಳು. ನಾನು ಗಾಬರಿಯಾಗಿ ಅತ್ತೆಯವರ ಮುಖ ನೋಡಿದೆ. ಲಟ್ಟಣಿಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಅವರು ಕೂತಲ್ಲಿಂದಲೇ ಮರಿಯನ್ನು ನೋಡಿದರು.

"ಆ ಮಾಳದ ನಾಯೀನ್ನ ನೀ ಯಾಕ ತರಲಿಲ್ಲ?"

ನೀವು ಬೇಡ ಎನ್ನುತ್ತೀರಿ ಅಂದುಕೊಂಡೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿಲ್ಲ, ಬರಿಯ ಆಶ್ಚರ್ಯ.

"ಮೈಲಾರ ನನ್ನ ತವರ ಮನಿದೇವ್ರು. ಆತನ ಭಂಡಾರ ಹಚ್ಚಿ ಕೊಟ್ಟದ್ದನ್ನ ನಾ ಹೆಂಗ ಬ್ಯಾಡ ಅಂದೇನವಾ? ನಿಮ್ಮ ಮಾವ ಬಂದ ದಿನಾನ ಎಲ್ಲಾ ಹೇಳಿದ್ರು. ಭಂಡಾರ ಬಿದ್ದದ್ದು ನಿನ್ನ ಕೈಯಾಗ, ಬಾಯಿ ತೆಗೆಯಾಕಿ ನೀನ, ಅದಕ್ಕ ದಾರಿ ನೋಡಿದೆ. ಒಂದಿನ ನಾನ ಮಾತ ಎತ್ತೀನಿ, ನೀ ಏನೂ ಇಲ್ಲ ಅಂದಿ. ನಿನಗ ಬ್ಯಾಡಾಗೈತಿ ಅಂತ ತಿಳಕೊಂಡೆ."

ಆಮೇಲೆ ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. ಸುಲಿಯುತ್ತಲೇ, ಅಷ್ಟೇನೂ ಮುಖ್ಯವಲ್ಲದ ಮಾತೆಂಬಂತೆ, ಅದಕ್ಕೆ ಮಲಗಲೆಂದು ಹಿತ್ತಿಲ ಬಾಗಿಲಲ್ಲಿ ಗೋಣಿತಟ್ಟು ಹಾಸಿ ಇಟ್ಟಿದ್ದೆ ಎಂದರು.

ಆ ತಟ್ಟಿನ ಮೇಲೆ ನಾನು ಎರಡು ತಿಂಗಳು ದಿನವೂ ಕಾಲು ಒರೆಸಿದ್ದೆ.